ಹನ್ನೊಂದು ಜನ, ಒಂದು ದೋಣಿ: ಹಾ ಲಾಂಗ್‌ನಲ್ಲಿ ಒಂದು ರಾತ್ರಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ವಾಕಿಂಗ್ ಮಾಡುವ ನಮ್ಮ ಗುಂಪಿನವರು ಹನ್ನೊಂದು ಜನ ಮಾರ್ಚ್‌ನಲ್ಲಿ ವಿಯೆಟ್ನಾಂಗೆ ಹೋಗಿ ಬಂದೆವು. ವೀಸಾ, ಟಿಕೆಟ್, ದೋಣಿ ಎಲ್ಲವನ್ನೂ ನನ್ನ ತಲೆಗೆ ಕಟ್ಟಿದರು. ಬ್ಯಾಂಕಿನಲ್ಲಿದ್ದವನು ಅನ್ನೋದು ಒಂದೇ ಕಾರಣ.

ಮೊದಲು ತಲೆಬಿಸಿ ಮಾಡಿದ್ದು ಹೆಸರುಗಳು. ಇ-ವೀಸಾ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ತುಂಬಬೇಕು. ನಮ್ಮ ಗುಂಪಿನ ಮೇಷ್ಟ್ರ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದೆ. ನಾನು ರೂಢಿಯಂತೆ ಬರೀ ಇನಿಷಿಯಲ್ ಹಾಕಿದೆ. ವೀಸಾ ಹಾಗೇ ಬಂತು. ಮತ್ತೆ ಹೊಸ ಅರ್ಜಿ, ಮತ್ತೆ 25 ಡಾಲರ್. ಆ ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ಮೇಷ್ಟ್ರಿಗೆ ಇವತ್ತಿಗೂ ಹೇಳಿಲ್ಲ.

ರಾಜಧಾನಿ ಹನೋಯಿಯಿಂದ ಹಾ ಲಾಂಗ್ ಕೊಲ್ಲಿಗೆ ಬಸ್ಸಿನಲ್ಲಿ ಸುಮಾರು ಎರಡೂವರೆ ಗಂಟೆ. ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವ ಟ್ರಿಪ್ಪೂ ಇದೆ. ಐದು ಗಂಟೆ ಬಸ್ಸಿನಲ್ಲೇ ಕೂರೋದಾದರೆ ಸುಮ್ನೆ ಯಾಕೆ ಅಂತ ರಾತ್ರಿ ದೋಣಿಯಲ್ಲೇ ಮಲಗುವ ಟ್ರಿಪ್ ಹಿಡಿದೆ. ಅದು ಸರಿಯಾದ ತೀರ್ಮಾನ. ತಪ್ಪು ಮಾಡಿದ್ದು ಬೇರೆ ಕಡೆ. ಫೋಟೊ ನೋಡಿ ದುಡ್ಡು ಕಟ್ಟಿದೆ, ದೋಣಿಯ ಹೆಸರನ್ನು ರಸೀದಿಯಲ್ಲಿ ಬರೆಸಿಕೊಳ್ಳಲಿಲ್ಲ. ಬಂದರಿನಲ್ಲಿ ನಮಗಾಗಿ ನಿಂತಿದ್ದದ್ದೇ ಬೇರೆ ದೋಣಿ. ಆರು ಕೋಣೆಯಲ್ಲಿ ಒಂದು ಇಂಜಿನ್ ಪಕ್ಕಕ್ಕೇ. ಏಜೆಂಟನ ಜೊತೆ ಅರ್ಧ ಗಂಟೆ ಜಗಳ ಆಡಿದೆ. ಕೊನೆಗೆ ಮೇಷ್ಟ್ರೇ ಬಿಡಿಸಿದರು. "ಆ ಕೋಣೆ ನನಗಿರಲಿ ಬಿಡಪ್ಪಾ, ಕಿವಿ ಮಿಷನ್ ತೆಗೆದಿಟ್ಟರೆ ಆಯ್ತು!"

ಅಲ್ಲಿ ಮಾರ್ಚ್ ಅಂದರೆ ಮಂಜು, ತುಂತುರು. ಮಂಜು ದಟ್ಟವಾದರೆ ಬಂದರಿನವರು ದೋಣಿ ಬಿಡಲ್ಲ. ನಾವು ಒಂದೂವರೆ ಗಂಟೆ ಕಾದೆವು. ನೀವು ಅಕ್ಟೋಬರ್, ನವೆಂಬರ್‌ನಲ್ಲಿ ಹೋಗಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತದ ಕಾಟ ಜಾಸ್ತಿ.

ಊಟದ ವಿಷಯ. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತೆ. 'ವೆಜ್' ಅಂದರೆ ಸಾಲದು, 'ಆನ್ ಚಾಯ್' ಅನ್ನಬೇಕು. ಬೌದ್ಧರ ಸಸ್ಯಾಹಾರಕ್ಕೆ ಅವರು ಹೇಳೋದು ಹಾಗೆ. ಮೂರು ದಿನ ಮೊದಲೇ ಹೇಳಿಸಿದ್ದೆ. ಅನ್ನ, ತೋಫು, ಸೊಪ್ಪು ಬಂತು. ಚಟ್ನಿಪುಡಿ ನಮ್ಮದೇ ಇತ್ತು.

ಇನ್ನು ಆ ಜಾಗ. 1,600 ದ್ವೀಪ, ಬಂಡೆಗಳು. 1994ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಹಾ ಲಾಂಗ್ ಅಂದರೆ ಇಳಿದು ಬಂದ ಡ್ರ್ಯಾಗನ್ ಅಂತೆ. ನಮ್ಮ ಬೆಟ್ಟಗಳ ಕಲ್ಲು ಮಳೆಗೆಲ್ಲಾ ಜಗ್ಗಲ್ಲ. ಅಲ್ಲಿನದು ಸುಣ್ಣಕಲ್ಲು, ಮಳೆನೀರಿಗೆ ಕರಗುತ್ತೆ. ಕೋಟ್ಯಂತರ ವರ್ಷ ಕರಗಿ ಉಳಿದ ಗುಡ್ಡಗಳ ನಡುವೆ ಸಮುದ್ರ ನುಗ್ಗಿದೆ. ತಿ ಟಾಪ್ ಅನ್ನೋ ದ್ವೀಪಕ್ಕೆ ರಷ್ಯಾದ ಗಗನಯಾತ್ರಿ ಟಿಟೋವ್ ಹೆಸರು. 1962ರಲ್ಲಿ ಹೋ ಚಿ ಮಿನ್ ಜೊತೆ ಅವರು ಬಂದಿದ್ದರಂತೆ. ಮೇಲಕ್ಕೆ ನಾನೂರು ಚಿಲ್ಲರೆ ಮೆಟ್ಟಿಲು. ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರಿಗೆ ಅದೇನು ಮಹಾ? ತುದಿಯಲ್ಲಿ ಫೋಟೊಗೆ ಕ್ಯೂ ನಿಂತಿದ್ದೇ ಹೆಚ್ಚು ಹೊತ್ತು.

ನನಗೆ ಮನಸ್ಸಿನಲ್ಲಿ ಉಳಿದದ್ದು ಲುವೋನ್ ಗುಹೆ. ದೊಡ್ಡ ದೋಣಿ ದೂರ ನಿಲ್ಲುತ್ತೆ. ಅಲ್ಲಿಂದ ಹುಟ್ಟು ಹಾಕುವ ಬಿದಿರಿನ ದೋಣಿ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿ ಕೂತೆವು. ಬಂಡೆಯ ಬುಡವನ್ನು ನೀರು ಕೊರೆದು ಒಳಕ್ಕೆ ತಗ್ಗು ಮಾಡಿದೆ. ಮೇಲೆ ಗುಡ್ಡ, ಕೆಳಗೆ ಸೊಂಟ ಸಣ್ಣ. ಆ ತಗ್ಗಿನ ಉದ್ದಕ್ಕೂ ಚಿಪ್ಪುಗಳು ಒತ್ತೊತ್ತಾಗಿ ಅಂಟಿದ್ದವು, ಕೈ ಇಟ್ಟರೆ ಕೊಯ್ಯುವಷ್ಟು ಚೂಪು. ತಲೆ ತಗ್ಗಿಸಿ ಕಮಾನಿನ ಕೆಳಗೆ ದಾಟಿದರೆ ಒಳಗೊಂದು ಕೊಳ, ಸುತ್ತಲೂ ಗೋಡೆಯ ಹಾಗೆ ಬೆಟ್ಟ. ಹುಟ್ಟಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಕೆರೆ ಏರಿ ಮೇಲೆ ಒಂದು ನಿಮಿಷ ಬಾಯಿ ಮುಚ್ಚದ ನಮ್ಮವರು ಗಪ್‌ಚುಪ್. ಅಷ್ಟರಲ್ಲಿ ಅತ್ತಿಗೆ, ನೀರಿಗಿಟ್ಟ ಬೆರಳನ್ನು ಪಟ್ಟಂತ ಎಳೆದುಕೊಂಡು, "ಮೊಸಳೆ ಇಲ್ವೇನೋ ಇದರಲ್ಲಿ?" ಅಂದರು. ರಂಗನತಿಟ್ಟು ನೋಡಿ ಬೆಳೆದವರು, ಏನು ಮಾಡೋದು!

ಮತ್ತೆ ಹೋದರೆ ಕಟ್ ಬಾ ದ್ವೀಪದ ಪಕ್ಕದ ಲಾನ್ ಹಾ ಕೊಲ್ಲಿಗೆ ಹೋಗುತ್ತೇನೆ. ಅಲ್ಲಿ ದೋಣಿಗಳ ಗದ್ದಲ ಕಡಿಮೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರ ದುಡ್ಡಿನ ಲೆಕ್ಕ ಹಾಕಿದೆ. 2,00,000 ಡಾಂಗ್‌ನ ಒಂದು ನೋಟು ಕಮ್ಮಿ. ಆ ನೋಟಿನ ಹಿಂದೆ ಹಾ ಲಾಂಗ್‌ನ ಧೂಪದ ಪಾತ್ರೆಯಂಥ ಬಂಡೆಯ ಚಿತ್ರ ಇದೆ. ಅತ್ತಿಗೆ ಅದನ್ನು ಪರ್ಸಿನೊಳಗೆ, ದೇವರ ಫೋಟೊ ಹಿಂದೆ ಇಟ್ಟುಕೊಂಡಿದ್ದರು. "ನಾವು ನೋಡಿದ ಕಲ್ಲು ಕಣೋ, ಖರ್ಚು ಮಾಡ್ತಾರಾ?" ಅಂದರು. ಅದರ ಲೆಕ್ಕ ಇನ್ನೂ ಕೆರೆ ಏರಿ ಮೇಲೆ ನಡೀತಾ ಇದೆ.