ಕನಕಪುರ ಲೋಕಸಭಾ ಕ್ಷೇತ್ರದ ಚರಿತ್ರೆ ಬರೆದ ಬಗೆ: ನನ್ನ ಅನುಭವ

ಕನಕಪುರ ಅನ್ನೋ ಲೋಕಸಭಾ ಕ್ಷೇತ್ರ ಒಂದಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಅವರಿಗೆ ಕನಕಪುರ ಅಂದರೆ ಡಿ.ಕೆ. ಶಿವಕುಮಾರ್ ಅವರ ವಿಧಾನಸಭಾ ಕ್ಷೇತ್ರ, ಅಷ್ಟೆ. ಆದರೆ 1967ರಿಂದ 2004ರವರೆಗಿನ ಪ್ರತಿ ಲೋಕಸಭಾ ಚುನಾವಣೆಯಲ್ಲೂ ಆ ಹೆಸರಿನ ಕ್ಷೇತ್ರದಿಂದ ಒಬ್ಬರು ದೆಹಲಿಗೆ ಹೋಗಿದ್ದಾರೆ. ಬೆಂಗಳೂರಿನ ದಕ್ಷಿಣದ ಅಂಚಿನ ಬಡಾವಣೆಗಳು, ಆನೇಕಲ್, ಸಾತನೂರಿನ ಹಳ್ಳಿಗಳು ಎಲ್ಲ ಅದರೊಳಗೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಲೆ ಈ ಕ್ಷೇತ್ರದ ಚರಿತ್ರೆ ಬರೆಯಲು ಕೂತೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಈ ಬರಹ.

ಎಲ್ಲರೂ ಗೆದ್ದವರ ಪಟ್ಟಿಯಿಂದ ಶುರು ಮಾಡುತ್ತಾರೆ. ಅದೇನೂ ಕಷ್ಟದ ಕೆಲಸವಲ್ಲ. 1967ರಲ್ಲಿ ಎಂ.ವಿ. ರಾಜಶೇಖರನ್, 1971ರಲ್ಲಿ ಸಿ.ಕೆ. ಜಾಫರ್ ಷರೀಫ್, 1977ರಿಂದ ಸತತವಾಗಿ ಎಂ.ವಿ. ಚಂದ್ರಶೇಖರ ಮೂರ್ತಿ. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ, 1998ರಲ್ಲಿ ಬಿಜೆಪಿಯ ಎಂ. ಶ್ರೀನಿವಾಸ್, 1999ರಲ್ಲಿ ಮತ್ತೆ ಮೂರ್ತಿ. ಹೀಗೆ ಬರೆದಿಟ್ಟರೆ ಚರಿತ್ರೆ ಆಯಿತಾ? ಅಷ್ಟೂ ದಿನ ಕಾಂಗ್ರೆಸ್ ಕೈಯಲ್ಲಿದ್ದ ಜಾಗ 1996ರ ನಂತರ ಯಾಕೆ ಪ್ರತಿ ಸಲ ಕೈ ಬದಲಾಯಿಸಿತು ಅನ್ನುವುದಕ್ಕೆ ಪಟ್ಟಿಯಲ್ಲಿ ಉತ್ತರ ಇಲ್ಲ. ನಾನು ಪಟ್ಟಿ ಬದಿಗಿಟ್ಟು ಗಡಿ ಹಿಡಿದುಕೊಂಡೆ.

ಗಡಿಗೆ ಬೇಕಾದ್ದು ಕ್ಷೇತ್ರ ಮರುವಿಂಗಡಣೆ ಆದೇಶಗಳು. 1976ರದ್ದು ಒಂದು, 2008ರದ್ದು ಒಂದು. ಇವೆರಡರ ನಡುವೆ ಗೆರೆ ಅಲ್ಲಾಡಲೇ ಇಲ್ಲ. 1976ರ ಸಂವಿಧಾನದ 42ನೇ ತಿದ್ದುಪಡಿ, 2000ದ ನಂತರದ ಜನಗಣತಿ ಬರುವವರೆಗೂ 1971ರ ಜನಗಣತಿಯ ಲೆಕ್ಕವನ್ನೇ ಹಿಡಿದು ಕೂರಿಸಿತು. ಗೆರೆ ನಿಂತಿತು, ಬೆಂಗಳೂರು ನಿಲ್ಲಲಿಲ್ಲ. ದಕ್ಷಿಣಕ್ಕೆ ಲೇಔಟ್ ಮೇಲೆ ಲೇಔಟ್ ಎದ್ದವು. ಅಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿದವರೆಲ್ಲ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರದ ಮತದಾರರಾದರು. ಉತ್ತರಹಳ್ಳಿ ಊದುತ್ತಾ ಊದುತ್ತಾ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳ ಸಾಲಿಗೆ ಬಂತು. ಕಾಗದದ ಮೇಲೆ ಅದು ಕನಕಪುರದ ಒಂದು ಭಾಗ ಮಾತ್ರ. ಎಣಿಕೆಯ ದಿನ ಮಾತ್ರ ಅದರದ್ದೇ ಕಾರುಬಾರು.

ಸಾತನೂರು ಕಡೆಯ ಹಿರಿಯರೊಬ್ಬರನ್ನು ಈ ಬಗ್ಗೆ ಕೇಳಿದೆ. ಎಣಿಕೆಗೆ ಏಜೆಂಟಾಗಿ ಕೂತವರು. "ಮೇಷ್ಟ್ರೇ, ನಮ್ಮ ಕಡೆ ಪೆಟ್ಟಿಗೆ ಎಣಿಸಿ ಲೀಡು ಬಂದ್ರೂ ಪಟಾಕಿ ಮುಟ್ತಿರ್ಲಿಲ್ಲ. ಉತ್ತರಹಳ್ಳಿ ಬಾಕಿ ಐತೆ, ಸುಮ್ನಿರ್ರೋ ಅಂತಿದ್ವಿ" ಅಂದರು. ಇದನ್ನು ಕೇಳಿಕೊಂಡು ಬಂದು ಚುನಾವಣಾ ಆಯೋಗದ ಅಂಕಿಅಂಶ ವರದಿಗಳನ್ನು ಮತ್ತೆ ತೆಗೆದೆ. 1998ರಲ್ಲಿ ಬಿಜೆಪಿ ಗೆದ್ದದ್ದನ್ನು ಹಳ್ಳಿ ರಾಜಕೀಯದಿಂದ ಅರ್ಥ ಮಾಡಿಕೊಳ್ಳಲು ಹೋದರೆ ಆಗುವುದಿಲ್ಲ. ನನ್ನ ಪ್ರಕಾರ ಅದು ನಗರದ ಅಂಚು ಗೆಲ್ಲಿಸಿದ ಚುನಾವಣೆ.

ಈ ವರದಿಗಳನ್ನು ನಂಬಿ ಕೂರುವವರಿಗೆ ಒಂದು ಮಾತು. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ. ಮೂರ್ತಿಯವರು ತೀರಿಕೊಂಡ ಮೇಲೆ 2002ರಲ್ಲಿ ಇಲ್ಲಿ ಉಪಚುನಾವಣೆ ಆಯಿತು. 1999ರಲ್ಲಿ ಹಾಸನದಲ್ಲಿ ಸೋತಿದ್ದ ಎಚ್.ಡಿ. ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ ಲೋಕಸಭೆಗೆ ಮರಳಿದ್ದು ಇಲ್ಲಿಂದಲೇ. ಬರೀ 1999 ಮತ್ತು 2004ರ ವರದಿ ನೋಡಿದರೆ ಈ ಅಧ್ಯಾಯವೇ ಮಾಯ! 13ನೇ ಲೋಕಸಭೆಯ ಸದಸ್ಯರ ಪಟ್ಟಿ, ಆ ತಿಂಗಳ ಪತ್ರಿಕೆಗಳು, ಇವೆರಡನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಕೂರಬೇಕು.

2004 ಇನ್ನೂ ಸ್ವಾರಸ್ಯ. ಟಿವಿ ಪತ್ರಕರ್ತೆಯಾಗಿದ್ದ ತೇಜಸ್ವಿನಿ ಅವರು ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. ಮಾಜಿ ಪ್ರಧಾನಿ ಸೋತರು ಅನ್ನೋದಷ್ಟೇ ಜನರ ನೆನಪಿನಲ್ಲಿದೆ. ಎರಡನೇ ಸ್ಥಾನ ಬಿಜೆಪಿಯ ರಾಮಚಂದ್ರಗೌಡರದ್ದು, ದೇವೇಗೌಡರು ಮೂರನೆಯವರು. ಆ ಸಲ ಹಾಸನದಲ್ಲೂ ನಿಂತಿದ್ದರಿಂದ ಅವರು ಲೋಕಸಭೆಗೇನೋ ಹೋದರು. ಗೆದ್ದವರಿಗೂ ಎರಡನೆಯವರಿಗೂ ಲಕ್ಷ ಮೀರಿದ ಅಂತರ ಇತ್ತು.

ಜಾಸ್ತಿ ಸಮಯ ತಿಂದದ್ದು ಕೊನೆಯ ಭಾಗ. 2008ರ ಆದೇಶದಿಂದ ಕನಕಪುರ ಲೋಕಸಭಾ ಕ್ಷೇತ್ರ ಹೋಯಿತು ಸರಿ, ಮತದಾರರು ಎಲ್ಲಿಗೆ ಹೋದರು? 2001ರ ಜನಗಣತಿ ಇಟ್ಟುಕೊಂಡು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಹೊಸ ಗೆರೆ ಎಳೆಯಿತು. ಆದೇಶದಲ್ಲಿ ಹಳ್ಳಿಗಾಡನ್ನು ತಾಲೂಕು, ಹೋಬಳಿ ಹೇಳಿ ಗುರುತಿಸಿದ್ದಾರೆ. ಹೋಬಳಿ ಇವತ್ತಿಗೂ ಅದೇ, ಹಾಗಾಗಿ ಅಲ್ಲಿ ತಲೆಬಿಸಿ ಇಲ್ಲ. ನಗರದೊಳಗೆ ಮಾತ್ರ ವಾರ್ಡ್ ನಂಬರ್ ಕೊಟ್ಟಿದ್ದಾರೆ, ಅದೂ ಹಳೇ ಮಹಾನಗರ ಪಾಲಿಕೆಯ 100 ವಾರ್ಡುಗಳ ಕಾಲದ್ದು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಯಿತು, ಆಮೇಲೆ ವಾರ್ಡು 198. ಇವತ್ತಿನ ವಾರ್ಡ್ ನಕ್ಷೆ ಹಿಡಿದು ಆ ಆದೇಶ ಓದಿದರೆ ನೀವು ಬೇರೆ ಯಾವುದೋ ಬೀದಿಯಲ್ಲಿ ಇಳಿಯುತ್ತೀರಿ. ಮೊದಲು 100 ವಾರ್ಡಿನ ನಕ್ಷೆ ಹುಡುಕಿ. ನಾನು ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಹಳೇ ಗೆರೆ ನೀಲಿ, ಹೊಸದು ಕೆಂಪು ಅಂತ ಎಳೆದೆ. ಕಂಪ್ಯೂಟರಿನಲ್ಲಿ ಮಾಡುವವರು ಮಾಡಲಿ, ನನಗೆ ಕೈಯಲ್ಲೇ ಸಲೀಸು. ಬೀದಿ ಮಟ್ಟದಲ್ಲಿ ಅನುಮಾನ ಬಂದಾಗ 2002ರ ಮತದಾರರ ಪಟ್ಟಿ ಕೈಹಿಡಿಯಿತು. ಅದು ಹಳೇ ಕ್ಷೇತ್ರಗಳ ಲೆಕ್ಕದಲ್ಲೇ ಇದೆ, ಬೂತ್ ಹೆಸರೂ ಸಿಗುತ್ತದೆ.

ಎರಡೂ ಬಣ್ಣ ಒಟ್ಟಿಗೆ ನೋಡಿದಾಗ ಕಂಡದ್ದು ಇಷ್ಟು. ಉತ್ತರಹಳ್ಳಿ ಒಡೆದು ಚೂರಾಗಿದೆ. ಪದ್ಮನಾಭನಗರದ ಕಡೆಯವರು ಬೆಂಗಳೂರು ದಕ್ಷಿಣ ಲೋಕಸಭೆಗೆ ಹೋದರು. ಸಾತನೂರು ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಉಳಿದ ಬಹುಭಾಗ, ಕುಣಿಗಲ್ ಸೇರಿಸಿಕೊಂಡು, ಬೆಂಗಳೂರು ಗ್ರಾಮಾಂತರ ಆಯಿತು. 2009ರಲ್ಲಿ ಅಲ್ಲಿ ಮೊದಲು ಗೆದ್ದವರು ಕುಮಾರಸ್ವಾಮಿ.

ಇಲ್ಲಿ ಹೆಸರುಗಳು ಒಂದಕ್ಕೊಂದು ಕಲೆಸಿಕೊಳ್ಳುತ್ತವೆ, ಓದುಗರಿಗೆ ನಕ್ಷೆ ಕೊಡದಿದ್ದರೆ ಕೆಟ್ಟಿರಿ. ಗ್ರಾಮಾಂತರ ಜಿಲ್ಲೆಯ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭೆಯಲ್ಲಿವೆ. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಇರುವುದು ಬೆಂಗಳೂರು ಗ್ರಾಮಾಂತರ ಲೋಕಸಭೆಯಲ್ಲಿ. ಸಾಲದ್ದಕ್ಕೆ 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತಲೇ ಹೆಸರಿಟ್ಟರು. ಹಾಗಾಗಿ ನನ್ನ ಬರಹದಲ್ಲಿ ಪ್ರತಿ ಹೆಸರಿನ ಮುಂದೆಯೂ ಜಿಲ್ಲೆಯೋ, ವಿಧಾನಸಭೆಯೋ, ಲೋಕಸಭೆಯೋ ಅಂತ ಬಿಡದೆ ಬರೆದಿದ್ದೇನೆ. ಓದಲು ಸ್ವಲ್ಪ ಎಳೆದಂತಾಗುತ್ತದೆ, ಆದರೂ ಬಿಟ್ಟಿಲ್ಲ.