‘ಇಸ್ರಾಯೇಲ್’ ಮತ್ತು ‘ಇಸ್ರೇಲ್’: ವಾಗ್ದಾನ ದೇಶದ ವಚನಗಳನ್ನು ಓದುವ ಕ್ರಮ

ಸತ್ಯವೇದದ ಹಳೆಯ ಕನ್ನಡ ಅನುವಾದವನ್ನು ಓದುವವರಿಗೆ ಇಂಗ್ಲಿಷ್ ಓದುಗರಿಗಿಲ್ಲದ ಒಂದು ಅನುಕೂಲವಿದೆ. ಯಾಕೋಬನಿಗೂ ಅವನ ಸಂತತಿಗೂ ಬಂದ ಹೆಸರು ಅಲ್ಲಿ ‘ಇಸ್ರಾಯೇಲ್’ ಎಂದಿದ್ದರೆ, 1948ರ ಮೇ 14ರಂದು ಘೋಷಣೆಯಾದ ರಾಷ್ಟ್ರವನ್ನು ನಮ್ಮ ಪತ್ರಿಕೆಗಳು ‘ಇಸ್ರೇಲ್’ ಎಂದು ಬರೆಯುತ್ತವೆ. ಯೆಹೂದ್ಯರಿಗೆ ತಾಯ್ನಾಡು ದೊರೆತದ್ದು ದೇವರ ವಾಗ್ದಾನದ ನೆರವೇರಿಕೆ ಎಂದು ನಂಬುವ ಕ್ರೈಸ್ತರು ಈ ಎರಡು ಹೆಸರುಗಳ ನಡುವೆ ಒಂದು ಸೇತುವೆಯನ್ನು ಕಟ್ಟುತ್ತಾರೆ. ಆ ಸೇತುವೆಯನ್ನು ಒಪ್ಪುವುದಾದರೂ ಬಿಡುವುದಾದರೂ ಮೊದಲು ಅದು ಎಲ್ಲಿ ಆರಂಭವಾಗುತ್ತದೆ ಎಂಬುದು ಓದುಗನಿಗೆ ಕಾಣಬೇಕು. ಆದ್ದರಿಂದ ಅಧ್ಯಯನಕ್ಕೆ ಕೂರುವಾಗ ಒಂದು ನೋಟುಪುಸ್ತಕದ ಪುಟವನ್ನು ನಡುವೆ ಗೆರೆ ಎಳೆದು ಇಬ್ಭಾಗ ಮಾಡಿ, ಎಡಕ್ಕೆ ವಚನವು ಹೇಳುವುದನ್ನೂ ಬಲಕ್ಕೆ ಬೋಧಕರು ಅದಕ್ಕೆ ಕೊಡುವ ಅರ್ಥವನ್ನೂ ಬರೆದುಕೊಳ್ಳಿರಿ.

ಮೊದಲು ಆದಿಕಾಂಡವನ್ನು ತೆಗೆಯಿರಿ. ಅಬ್ರಹಾಮನನ್ನು ಹರಸುವವರನ್ನು ದೇವರು ಹರಸುವನು, ಶಪಿಸುವವರನ್ನು ಶಪಿಸುವನು ಎಂಬ 12ನೆಯ ಅಧ್ಯಾಯದ 3ನೆಯ ವಚನವೇ ಈ ವಿಷಯದಲ್ಲಿ ಎಲ್ಲರ ಬಾಯಲ್ಲಿರುವುದು. ಆದರೆ ಅದೇ ವಚನದ ಕೊನೆಯ ಭಾಗ, ಅಂದರೆ ಭೂಲೋಕದ ಎಲ್ಲ ಕುಲಗಳಿಗೂ ಅವನ ಮೂಲಕ ಆಶೀರ್ವಾದ ದೊರೆಯುವುದೆಂಬ ಮಾತು, ಪ್ರಸಂಗಗಳಲ್ಲಿ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಭೂಮಿಯ ವಾಗ್ದಾನವು 12:7, 15:18 ಮತ್ತು 17:8ರಲ್ಲಿದೆ. ಈ ಮೂರನ್ನೂ ಓದಿದ ಮೇಲೆ ಯಾಜಕಕಾಂಡ 25:23ಕ್ಕೆ ಬನ್ನಿರಿ; ಭೂಮಿಯು ನನ್ನದು, ನೀವು ನನ್ನ ಬಳಿಯಲ್ಲಿ ಇಳಿದುಕೊಂಡಿರುವ ಪರದೇಶಿಗಳಷ್ಟೇ ಎಂದು ದೇವರು ಅಲ್ಲಿ ಇಸ್ರಾಯೇಲ್ಯರಿಗೇ ಹೇಳುತ್ತಾನೆ. ಕೊಟ್ಟದ್ದು ನಿಜ, ಒಡೆತನ ಉಳಿಸಿಕೊಂಡದ್ದೂ ನಿಜ. ಈ ಎರಡನ್ನೂ ಎಡಭಾಗದಲ್ಲಿಯೇ ಬರೆಯಬೇಕು.

ಪ್ರವಾದಿಗಳ ಗ್ರಂಥಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಒಣಗಿದ ಎಲುಬುಗಳು ಜೀವ ತಳೆದು ಎದ್ದು ನಿಲ್ಲುವ ಯೆಹೆಜ್ಕೇಲ 37ನೆಯ ಅಧ್ಯಾಯದ ದರ್ಶನವನ್ನು ಯೂರೋಪಿನ ಯೆಹೂದ್ಯರ ಮಾರಣಹೋಮದ ನಂತರ, ಮೂರೇ ವರ್ಷಗಳಲ್ಲಿ ರಾಷ್ಟ್ರವೊಂದು ಹುಟ್ಟಿದ್ದನ್ನು ಕಂಡ ತಲೆಮಾರು ಓದಿದಾಗ ಅವರ ಮೈ ಜುಮ್ಮೆಂದಿದ್ದರೆ ಅದನ್ನು ಹಗುರವಾಗಿ ಕಾಣಬಾರದು. ಆದರೂ ಯೆಹೆಜ್ಕೇಲನು ಬಾಬೆಲಿನಲ್ಲಿ ಸೆರೆಯಾಳುಗಳ ನಡುವೆ ಕುಳಿತು ಮಾತನಾಡುತ್ತಿದ್ದವನು ಎಂಬುದನ್ನು ನೆನಪಿಡಿ. ಪಾರಸಿಯ ಅರಸನಾದ ಕೋರೆಷನು ಕ್ರಿಸ್ತಪೂರ್ವ 538ರ ಸುಮಾರಿಗೆ ಯೆಹೂದ್ಯರು ಹಿಂದಿರುಗಲು ಅಪ್ಪಣೆ ಕೊಟ್ಟಾಗಲೇ ಈ ಮಾತು ನೆರವೇರಿತೆಂದು ಒಂದು ಪಕ್ಷದವರು ಹೇಳುತ್ತಾರೆ. ಹಾಗಾದರೆ ಇಸ್ರಾಯೇಲ್ ಮತ್ತು ಯೆಹೂದ ಎಂದು ಒಡೆದಿದ್ದ ಎರಡು ರಾಜ್ಯಗಳೂ ದಾವೀದನೆಂಬ ಒಬ್ಬನೇ ಅರಸನ ಕೆಳಗೆ ಒಂದಾಗುವುದೆಂಬ ಅದೇ ಅಧ್ಯಾಯದ ಮಾತು ಆಗ ನೆರವೇರಿತೇ ಎಂದು ಇನ್ನೊಂದು ಪಕ್ಷದವರು ಕೇಳುತ್ತಾರೆ. ಎರಡೂ ಪ್ರಾಮಾಣಿಕ ಪ್ರಶ್ನೆಗಳೇ. ಎರಡನ್ನೂ ಬಲಭಾಗದಲ್ಲಿ ಬರೆಯಿರಿ.

ಹೊಸ ಒಡಂಬಡಿಕೆಯಲ್ಲಿ ಗಲಾತ್ಯದವರಿಗೆ ಬರೆದ ಪತ್ರಿಕೆಯ 3:16ರಲ್ಲಿ ಪೌಲನು ಅಬ್ರಹಾಮನಿಗೆ ಕೊಟ್ಟ ವಾಗ್ದಾನದಲ್ಲಿರುವ ‘ಸಂತತಿ’ ಎಂಬ ಏಕವಚನವನ್ನು ಹಿಡಿದು, ಆ ಸಂತತಿಯು ಕ್ರಿಸ್ತನೇ ಎನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 4:13ರಲ್ಲಿ ಅಬ್ರಹಾಮನ ಬಾಧ್ಯತೆಯು ಕಾನಾನ್ ದೇಶದಿಂದ ಇಡೀ ಲೋಕಕ್ಕೆ ಹರಡಿಕೊಳ್ಳುತ್ತದೆ. ವಾಗ್ದಾನವೆಲ್ಲ ಕ್ರಿಸ್ತನಲ್ಲಿ ನೆರವೇರಿತೆನ್ನುವವರ ಆಧಾರ ಇದು. ಆದರೆ ಅದೇ ಪೌಲನು ಅದೇ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ದೇವರು ತನ್ನ ಜನರನ್ನು ತಳ್ಳಿಬಿಟ್ಟಿಲ್ಲವೆಂದು ಹೇಳಿ, ಅನ್ಯಜನರಾದ ನಮ್ಮನ್ನು ಊರಿನ ಎಣ್ಣೇಮರಕ್ಕೆ (ಆಲಿವ್ ಮರಕ್ಕೆ) ಕಸಿಕಟ್ಟಿದ ಕಾಡುಮರದ ಕೊಂಬೆಗೆ ಹೋಲಿಸಿ, ನೀನು ಬೇರನ್ನು ಹೊರುತ್ತಿಲ್ಲ, ಬೇರೇ ನಿನ್ನನ್ನು ಹೊತ್ತಿದೆ ಎಂದು ಎಚ್ಚರಿಸುತ್ತಾನೆ. ಯೆಹೂದ್ಯರ ಸ್ಥಾನಕ್ಕೆ ಸಭೆಯು ಬಂದಿತು, ಅವರ ಕಥೆ ಮುಗಿಯಿತು ಎಂಬ ಬೋಧನೆ ಶತಮಾನಗಳ ಕಾಲ ಯೂರೋಪಿನಲ್ಲಿ ಎಂಥ ದ್ವೇಷಕ್ಕೆ ನೀರೆರೆಯಿತೆಂಬುದನ್ನು ಬಲ್ಲವರು ಈ ಅಧ್ಯಾಯವನ್ನು ದಾಟಿ ಹೋಗಲಾರರು. ಅದರಲ್ಲಿ ಭೂಮಿಯ ಪ್ರಸ್ತಾಪವೇ ಇಲ್ಲ ಎಂಬುದನ್ನೂ ಗುರುತಿಸಿಕೊಳ್ಳಿರಿ.

ಇನ್ನು ಸೇತುವೆಯನ್ನು ಕಟ್ಟಿದವರ ಚರಿತ್ರೆ. ಯೆಹೂದ್ಯರು ಸ್ವದೇಶಕ್ಕೆ ಮರಳುವರೆಂಬ ನಿರೀಕ್ಷೆ ಹದಿನೇಳನೆಯ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕರಾದ ಇಂಗ್ಲಿಷ್ ಪ್ಯೂರಿಟನ್ನರಲ್ಲಿಯೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರದರನ್ ಸಭೆಗಳ ಜಾನ್ ನೆಲ್ಸನ್ ಡಾರ್ಬಿ ಅವರು ದೇವರ ಕಾರ್ಯವನ್ನು ಯುಗಗಳಾಗಿ ವಿಂಗಡಿಸಿ, ಇಸ್ರಾಯೇಲಿಗೆ ಒಂದು ಯೋಜನೆ, ಸಭೆಗೆ ಬೇರೊಂದು ಯೋಜನೆ ಎಂದು ಬೋಧಿಸಿದರು. 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಬೈಬಲ್ ಆ ಬೋಧನೆಯನ್ನು ವಚನಗಳ ಕೆಳಗೇ, ಅದೇ ಪುಟದಲ್ಲಿ ಟಿಪ್ಪಣಿಗಳಾಗಿ ಅಚ್ಚು ಹಾಕಿತು. ವಚನ ಯಾವುದು, ಟಿಪ್ಪಣಿ ಯಾವುದು ಎಂಬ ಅಂತರ ಓದುಗನ ಮನಸ್ಸಿನಲ್ಲಿ ಅಳಿಸಿಹೋಗಲು ಅಷ್ಟೇ ಸಾಕಾಗಿತ್ತು. ಅಧ್ಯಯನ ಬೈಬಲನ್ನು ಬಳಸುವವರು ಮೊದಲ ಓದಿನಲ್ಲಿ ಕೆಳಗಿನ ಟಿಪ್ಪಣಿಗಳ ಮೇಲೆ ಒಂದು ಬಿಳಿ ಹಾಳೆಯನ್ನು ಇಟ್ಟುಕೊಂಡು ಓದಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಬೆಂಬಲಕ್ಕೆ ಪ್ರವಾದನೆಯೊಂದೇ ಕಾರಣವಾಗಿರಲಿಲ್ಲ. ರಷ್ಯಾದಲ್ಲಿ ಯೆಹೂದ್ಯರ ಮೇಲೆ ದಾಳಿಗಳು ನಡೆಯುತ್ತಿದ್ದಾಗ, 1891ರಲ್ಲಿ ಅಮೆರಿಕದ ಸುವಾರ್ತಿಕ ವಿಲಿಯಂ ಬ್ಲ್ಯಾಕ್‌ಸ್ಟೋನ್ ಅವರು ಅಮೆರಿಕದ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅವರಿಗೆ 413 ಮಂದಿ ಪ್ರಮುಖರ ಸಹಿಯುಳ್ಳ ಮನವಿಯೊಂದನ್ನು ಸಲ್ಲಿಸಿ, 1878ರ ಬರ್ಲಿನ್ ಒಪ್ಪಂದದಲ್ಲಿ ಬಲ್ಗೇರಿಯವನ್ನು ಬಲ್ಗೇರಿಯನ್ನರಿಗೆ ಕೊಟ್ಟ ರಾಷ್ಟ್ರಗಳು ಪ್ಯಾಲೆಸ್ಟೀನನ್ನು ಯೆಹೂದ್ಯರಿಗೆ ಏಕೆ ಕೊಡಬಾರದು ಎಂದು ಕೇಳಿದರು. ವಿಯೆನ್ನಾದ ಬ್ರಿಟಿಷ್ ರಾಯಭಾರ ಕಚೇರಿಯ ಪಾದ್ರಿ ವಿಲಿಯಂ ಹೆಕ್ಲರ್ ಅವರಾದರೋ ಪ್ರವಾದನೆಯ ವರ್ಷಗಳನ್ನು ಲೆಕ್ಕ ಹಾಕಿಕೊಂಡೇ 1896ರ ಮಾರ್ಚ್‌ನಲ್ಲಿ ಯೆಹೂದ್ಯರಿಗೆ ಸ್ವಂತ ರಾಷ್ಟ್ರ ಬೇಕೆಂಬ ಚಳವಳಿಯ ಮುಂದಾಳು ಥಿಯೋಡೋರ್ ಹರ್ಜಲ್ ಅವರನ್ನು ಕಂಡು, ಬಾಡೆನ್ ಸಂಸ್ಥಾನದ ದೊರೆಯ ಬಳಿಗೆ ಅವರಿಗೆ ದಾರಿ ಮಾಡಿಕೊಟ್ಟರು. ಪ್ಯಾಲೆಸ್ಟೀನಿನಲ್ಲಿ ಯೆಹೂದ್ಯರ ತಾಯ್ನಾಡಿಗೆ ಬ್ರಿಟಿಷ್ ಸರ್ಕಾರದ ಬೆಂಬಲವನ್ನು ಸಾರಿದ ಪತ್ರವಾದ 1917ರ ನವೆಂಬರ್ 2ರ ಬಾಲ್ಫೋರ್ ಘೋಷಣೆಯ ಹಿಂದೆ ಯುದ್ಧಕಾಲದ ಲೆಕ್ಕಾಚಾರವೂ ಇತ್ತು, ಬೈಬಲಿನ ಊರುಗಳ ಹೆಸರು ಕೇಳುತ್ತಲೇ ಬೆಳೆದ ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್ ಅವರಂಥವರ ಭಾವನೆಯೂ ಇತ್ತು. ಅಲ್ಲಿ ನೆಲೆಸಿರುವ ಯೆಹೂದ್ಯೇತರ ಸಮುದಾಯಗಳ ನಾಗರಿಕ ಹಾಗೂ ಧಾರ್ಮಿಕ ಹಕ್ಕುಗಳಿಗೆ ಧಕ್ಕೆಯಾಗಬಾರದು ಎಂಬ ಷರತ್ತು ಕೂಡ ಆ ಪತ್ರದಲ್ಲಿಯೇ ಇದೆ.

ಕ್ರೈಸ್ತರೆಲ್ಲರ ನಂಬಿಕೆ ಇದೇ ಎಂದು ತಿಳಿಯದಿರಿ. ಬೆಂಬಲ ಕೋರಿ ಬಂದ ಹರ್ಜಲ್ ಅವರಿಗೆ 1904ರಲ್ಲಿ ಹತ್ತನೆಯ ಪಿಯುಸ್ ಪೋಪರು ಒಪ್ಪಿಗೆ ಕೊಡಲಿಲ್ಲ. 1965ರ ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯು ಯೆಹೂದ್ಯರನ್ನು ದೇವರಿಂದ ತಿರಸ್ಕೃತರೆಂದು ಬೋಧಿಸಬಾರದೆಂದು ಸಾರಿತು; ಇಸ್ರೇಲ್ ಜೊತೆಗಿನ ವ್ಯಾಟಿಕನ್ ಒಪ್ಪಂದವು 1993ರ ಕೊನೆಯಲ್ಲಿ ಆಯಿತು. 2006ರಲ್ಲಿ ಜೆರೂಸಲೇಮಿನ ಲ್ಯಾಟಿನ್, ಸಿರಿಯನ್ ಆರ್ಥೊಡಾಕ್ಸ್, ಆಂಗ್ಲಿಕನ್ ಮತ್ತು ಲೂಥರನ್ ಸಭೆಗಳ ಮುಖ್ಯಸ್ಥರು ಯೆಹೂದ್ಯರ ರಾಷ್ಟ್ರವನ್ನು ದೇವರ ವಾಗ್ದಾನದ ನೆರವೇರಿಕೆಯೆಂದು ಬೆಂಬಲಿಸುವ ‘ಕ್ರೈಸ್ತ ಝಿಯೋನಿಸಂ’ ಬೋಧನೆಯನ್ನು ತಪ್ಪೆಂದು ಒಟ್ಟಾಗಿ ತಿರಸ್ಕರಿಸಿದರು. ಬೆತ್ಲೆಹೇಮಿನಲ್ಲಿ ಇಂದಿಗೂ ಗಂಟೆ ಬಾರಿಸಿ ಆರಾಧನೆಗೆ ಕೂಡುವ ಅರಬ್ ಕ್ರೈಸ್ತರು ಇದೇ ಸತ್ಯವೇದವನ್ನು ಓದುವವರು ಎಂಬುದು ನಮ್ಮ ಎಷ್ಟೋ ಸಭೆಗಳಲ್ಲಿ ಯಾರಿಗೂ ನೆನಪಾಗುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಗುಂಪಿನಲ್ಲಿ ಅಧ್ಯಯನ ನಡೆಸುವವರು ಒಂದೇ ಸಂಜೆಗೆ ಇದನ್ನೆಲ್ಲ ತುಂಬಬಾರದು. ಮೂರು ವಾರಗಳಾದರೂ ಬೇಕು. ಯಾರಾದರೂ ‘ಇಸ್ರಾಯೇಲ್’ ಎಂದು ಓದಿ, ಮರುಕ್ಷಣವೇ ‘ಇಸ್ರೇಲ್’ ಕುರಿತು ಮಾತನಾಡತೊಡಗಿದರೆ ಅವರನ್ನು ಗದರಿಸದೆ, ಈ ಹೆಜ್ಜೆಯನ್ನು ಯಾವ ವಚನದ ಆಧಾರದಿಂದ ಇಟ್ಟಿರಿ ಎಂದು ವಿನಯದಿಂದ ಕೇಳಿರಿ. ಆ ಹೆಜ್ಜೆಯನ್ನು ಇಡಲೇಬಾರದು ಎನ್ನುವವರಿಗೂ ಅದೇ ಪ್ರಶ್ನೆಯನ್ನು ಹಾಕಿರಿ. ಹಿರಿಯರು ಮಾತನಾಡಿದ ಮೇಲೆ ಕಿರಿಯರು ಸುಮ್ಮನಾಗುವುದು ನಮ್ಮಲ್ಲಿ ಸಹಜವಾದ್ದರಿಂದ ಉತ್ತರಗಳನ್ನು ಮೊದಲು ಬರೆಸಿ, ಆಮೇಲೆ ಓದಿಸುವುದು ಲೇಸು. ಕೊನೆಯ ವಾರಕ್ಕೆ ಯೆಹೆಜ್ಕೇಲ 47:22–23ನ್ನು ಉಳಿಸಿಕೊಳ್ಳಿರಿ. ದೇಶವನ್ನು ಚೀಟುಹಾಕಿ ಹಂಚಿಕೊಳ್ಳುವಾಗ, ನಿಮ್ಮ ನಡುವೆ ಇಳಿದುಕೊಂಡು ಮಕ್ಕಳನ್ನು ಪಡೆದಿರುವ ವಿದೇಶಿಗಳಿಗೂ ಸ್ವದೇಶಿಗಳಂತೆಯೇ ಸ್ವತ್ತನ್ನು ಕೊಡಬೇಕು, ಅವರು ಯಾವ ಕುಲದಲ್ಲಿ ವಾಸವಾಗಿರುವರೋ ಅಲ್ಲಿಯೇ ಕೊಡಬೇಕು ಎಂದು ಒಣ ಎಲುಬುಗಳ ದರ್ಶನವನ್ನು ಬರೆದ ಅದೇ ಪ್ರವಾದಿಯು ಹತ್ತು ಅಧ್ಯಾಯಗಳ ನಂತರ ಬರೆದಿದ್ದಾನೆ.