ಕನ್ನಡ ಹೆಸರಿನ ಅಕ್ಷರ ಅದಲುಬದಲು: ಪೈಥಾನ್‌ನಲ್ಲಿ ಕೊನೆಗೂ ಸರಿಹೋದದ್ದು

ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ ಬೇರೆ ಪದ ಹುಡುಕುವ ಪುಟ್ಟ ಪ್ರೋಗ್ರಾಂ ಅನ್ನು ಪೈಥಾನ್ ಭಾಷೆಯಲ್ಲಿ ಬರೆದೆ. 'ಸುಮನ' ಕೊಟ್ಟರೆ 'ಮನಸು' ಬರಬೇಕು, ಅಲ್ವಾ? ಎಲ್ಲ ಜೋಡಣೆ ತಿರುಗಿಸಿದಾಗ ಬಂದದ್ದು 24 ಸಾಲು, ಅದರಲ್ಲಿ 6 ಸಾಲು ಬರೀ ಕೊಂಬಿನಿಂದ ಶುರು, ಪಕ್ಕದಲ್ಲೊಂದು ಚುಕ್ಕಿ ವೃತ್ತ. ಪೈಥಾನ್‌ಗೆ 'ಸು' ಒಂದಲ್ಲ, ಎರಡು: 'ಸ' ಮತ್ತು ಕೊಂಬು.

ಫಾಂಟ್ ಬದಲಿಸಿದೆ, ಏನೂ ಆಗಲಿಲ್ಲ. ಚುಕ್ಕಿ ವೃತ್ತದ ಸಾಲು ಅಳಿಸಿದರೂ 'ಸಮುನ' ಥರದ್ದು ಉಳಿಯಿತು. ರೀಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ಲೈಬ್ರರಿಯ ಗ್ರಾಫೀಮ್ ಆಯ್ಕೆ, ಅಂದರೆ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರವನ್ನು ಒಟ್ಟಿಗೆ ಹಿಡಿಯುವುದು, 'ಸು'ವನ್ನು ಸರಿಯಾಗಿ ಹಿಡಿಯಿತು, ಆದರೆ 'ಲಕ್ಷ್ಮಿ'ಯನ್ನು ಲ, ಕ್, ಷ್, ಮಿ ಎಂದು ಒಡೆಯಿತು.

ಕೆಲಸ ಮಾಡಿದ ಕ್ರಮ ಇದು. ಮೊದಲು ಪೈಥಾನ್‌ನ ಯೂನಿಕೋಡೇಟಾ ಮಾಡ್ಯೂಲ್‌ನಲ್ಲಿ ಎನ್‌ಎಫ್‌ಸಿ ಮಾಡಿ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದೇ ರೂಪಕ್ಕೆ ತರುವುದು), ಇಲ್ಲದಿದ್ದರೆ ಒಂದೇ 'ಕೋ' ಎರಡು ಥರ ಇರುತ್ತದೆ. ಆಮೇಲೆ ಒಂದೊಂದೇ ಚಿಹ್ನೆಯ ಆರ್ಡ್ ಸಂಖ್ಯೆ (ಅದರ ಯೂನಿಕೋಡ್ ಸಂಖ್ಯೆ) ನೋಡುತ್ತಾ ಹೋಗಿ: 3262ರಿಂದ 3277ರವರೆಗಿನದಾಗಿದ್ದರೆ (ಕೊಂಬಿನಂಥ ಸ್ವರಚಿಹ್ನೆಗಳು, ಅರ್ಧಾಕ್ಷರದ ಚಿಹ್ನೆ), 3202 ಅಥವಾ 3203 (ಅನುಸ್ವಾರ, ವಿಸರ್ಗ) ಆಗಿದ್ದರೆ, ಇಲ್ಲವೇ ಅದರ ಹಿಂದಿನದು 3277 (ಅಂದರೆ ಅರ್ಧಾಕ್ಷರದ ಚಿಹ್ನೆ) ಆಗಿದ್ದರೆ ಹಿಂದಿನ ತುಂಡಿಗೇ ಅಂಟಿಸಿ. ಉಳಿದದ್ದೆಲ್ಲ ಹೊಸ ತುಂಡು. 8204 ಅನ್ನು (ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ) ತುಂಡು ಮಾಡಿದ ಮೇಲೆಯೇ ತೆಗೆಯಿರಿ, ಮೊದಲೇ ತೆಗೆದರೆ 'ರಾಜ್‌ಕುಮಾರ್'ನಲ್ಲಿ 'ಜ್ಕು' ಆಗಿಬಿಡುತ್ತದೆ.

ಎಲ್ಲ ಜೋಡಣೆ ಸುಮ್ನೆ ತಿರುಗಿಸಬೇಡಿ, ಉದ್ದ ಹೆಸರಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಪದಪಟ್ಟಿಯ ಪ್ರತಿ ಪದವನ್ನೂ ಹೀಗೇ ತುಂಡು ಮಾಡಿ, ಸಾರ್ಟ್ ಮಾಡಿ, ಟಪಲ್ (ಬದಲಾಗದ ಪಟ್ಟಿ) ಆಗಿ ಡಿಕ್ಷನರಿಯ ಕೀ (ಹುಡುಕಲು ಬಳಸುವ ಗುರುತು) ಮಾಡಿ, ಆ ಕೀಯ ಕೆಳಗೆ ಪದವನ್ನು ಸೇರಿಸಿ. ಹೆಸರಿಗೂ ಹೀಗೇ ಕೀ ಮಾಡಿ ಹುಡುಕಿದರೆ ಅರ್ಥವಿರುವುದಷ್ಟೇ ಸಿಗುತ್ತದೆ.